ತಗಡು ಸುಮ್ಮನಾದರೆ ಸ್ಪೀಕರ್ ಮಾತಾಡುತ್ತದೆ

ಪಿಕಪ್ ವಾಹನಕ್ಕೆ ಹೊಸ ಸ್ಟೀರಿಯೊ ಹಾಕಿಸಲು ಹೊರಟವರು ಮೊದಲು ನೋಡುವುದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ವ್ಯಾಟ್‌ಗಳ ಸಂಖ್ಯೆಯನ್ನು; ಬಾಗಿಲು, ನೆಲ, ಹಿಂಗೋಡೆಗಳಿಗೆ ಅಂಟಿಸುವ, ತಗಡಿನ ನಡುಕ ಅಡಗಿಸುವ ಡ್ಯಾಂಪಿಂಗ್ ಶೀಟಿನ ವಿಚಾರ ಬರುವುದು ಕಟ್ಟಕಡೆಗೆ, ಅದೂ ಕೈಯಲ್ಲಿ ಹಣ ಮಿಕ್ಕಿದ್ದರೆ. ಈ ಕ್ರಮವೇ ತಲೆಕೆಳಗು. ಓಡುವ ವಾಹನದಲ್ಲಿ ಹಾಡೊಂದು ಎಷ್ಟು ಸ್ಪಷ್ಟವಾಗಿ ಕೇಳುತ್ತದೆ ಎಂಬುದು ಅದು ಗದ್ದಲಕ್ಕಿಂತ ಎಷ್ಟು ಮೇಲೆದ್ದು ನಿಂತಿದೆ ಎಂಬುದನ್ನು ಅವಲಂಬಿಸಿದೆ. ಸದ್ದನ್ನು ಅಳೆಯುವ ಡೆಸಿಬೆಲ್ ಲಘುಗಣಕದ, ಅಂದರೆ ಪಟ್ಟುಗಳನ್ನು ಎಣಿಸುವ, ಮಾನವಾದ್ದರಿಂದ ಕ್ಯಾಬಿನ್ನಿನ ಗದ್ದಲವನ್ನು 3 ಡೆಸಿಬೆಲ್ ಇಳಿಸಿದರೆ ಸಿಗುವ ಅಂತರವನ್ನೇ ಆಂಪ್ಲಿಫಯರ್‌ನಿಂದ ಪಡೆಯಬೇಕಾದರೆ ಅದರ ಶಕ್ತಿಯನ್ನು ಇಮ್ಮಡಿಗೊಳಿಸಬೇಕು. 10 ಡೆಸಿಬೆಲ್‌ಗೆ ಸಮನಾಗಬೇಕಾದರೆ ಹತ್ತು ಪಟ್ಟು ಮಾಡಬೇಕು. ಗದ್ದಲವನ್ನು ತಗ್ಗಿಸುವ ಶೀಟ್‌ಗೆ ಬ್ಯಾಟರಿಯಿಂದ ಒಂದು ಹನಿ ಕರೆಂಟೂ ಬೇಡ.

ವ್ಯಾಟ್‌ಗಳ ಕಥೆಯನ್ನು ಇಲ್ಲೇ ಮುಗಿಸಿಬಿಡೋಣ. ಡ್ಯಾಶ್‌ಬೋರ್ಡಿನಲ್ಲಿ ಕೂರುವ ಸಾಮಾನ್ಯ ಸ್ಟೀರಿಯೊಗೆ ಎಂಜಿನ್ ಚಾಲೂ ಇರುವಾಗ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್. ಸ್ಪೀಕರ್‌ನ ರೋಧ 4 ಓಮ್. ನುಣುಪಾಗಿ ಏರಿಳಿಯುವ ಸೈನ್ ಅಲೆಯನ್ನು ತುದಿ ಕತ್ತರಿಸದೆ ಕೊಟ್ಟರೆ, ಯಾವ ನಷ್ಟವೂ ಇಲ್ಲವೆಂದು ಭಾವಿಸಿದರೂ, ಒಂದು ಸ್ಪೀಕರ್‌ಗೆ ದಕ್ಕುವುದು ಸುಮಾರು 26 ವ್ಯಾಟ್. ಟ್ರಾನ್ಸಿಸ್ಟರ್‌ಗಳು ತಮ್ಮ ಪಾಲು ತಿಂದ ಮೇಲೆ 20ರ ಆಸುಪಾಸು. ಹಾಗಾದರೆ ಡಬ್ಬಿಯ ಮೇಲಿನ ‘50 ವ್ಯಾಟ್’ ಎಲ್ಲಿಂದ ಬಂತು? 14.4ರ ವರ್ಗವನ್ನು 4ರಿಂದ ಭಾಗಿಸಿ ನೋಡಿ, 51.8 ಬರುತ್ತದೆ. ಅಂದರೆ ಅಲೆಯ ತಲೆಯನ್ನೂ ಬುಡವನ್ನೂ ಪೂರ್ತಿ ಕತ್ತರಿಸಿ ಚೌಕಾಕಾರ ಮಾಡಿದಾಗ, ಯಾರೂ ಕೇಳಲಾರದಷ್ಟು ಒಡೆದ ಧ್ವನಿಯಲ್ಲಿ, ಅಷ್ಟು ಶಕ್ತಿ ಹರಿಯುತ್ತದೆ ಎಂದರ್ಥ. ಆ 20 ವ್ಯಾಟ್‌ಗಿಂತ ಹೆಚ್ಚು ಶುದ್ಧ ಶಕ್ತಿ ಬೇಕೆಂದರೆ ವೋಲ್ಟೇಜನ್ನು ತನ್ನೊಳಗೇ ಏರಿಸಿಕೊಳ್ಳುವ ಪ್ರತ್ಯೇಕ ಆಂಪ್ಲಿಫಯರ್ ಇಡುವುದೇ ದಾರಿ.

ಈಗ ನಿಜವಾದ ಎದುರಾಳಿಯತ್ತ ಬರೋಣ. ಪಿಕಪ್‌ನ ಕ್ಯಾಬಿನ್ ಎಂದರೆ ಸೀಟಿನ ಬೆನ್ನಿಗೇ ಅಂಟಿಕೊಂಡ ಅಗಲವಾದ ಹಿಂಗೋಡೆ, ಅದರ ಮೇಲೆ ನೆಟ್ಟಗೆ ನಿಂತ ಗಾಜು, ತಲೆಯ ಮೇಲೆ ಚಪ್ಪಟೆ ಚಾವಣಿ, ಎರಡು ದೊಡ್ಡ ಬಾಗಿಲು. ಎಲ್ಲವೂ ಸುಮಾರು 0.8 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು. ಟೈರು, ಗೇರ್‌ಬಾಕ್ಸ್, ಖಾಲಿ ಸರಕು ತೊಟ್ಟಿಗಳ ನಡುಕವೆಲ್ಲ ಷಾಸಿಯ ಮೂಲಕ ಏರಿ ಬಂದು ಈ ತಗಡುಗಳನ್ನು ಅಲುಗಿಸುತ್ತದೆ. ಪ್ರತಿಯೊಂದು ತಗಡೂ ತನ್ನ ಅಗಲ, ದಪ್ಪ, ಬಿಗಿತಗಳಿಗೆ ತಕ್ಕ ಕೆಲವು ಆವೃತ್ತಿಗಳಲ್ಲಿ ಅನುರಣಿಸಿ, ಆ ಸ್ವರಗಳನ್ನು ತಾನೇ ದೊಡ್ಡದು ಮಾಡಿ ಕ್ಯಾಬಿನ್ನಿನೊಳಕ್ಕೆ ಹೊರಡಿಸುತ್ತದೆ. ಬಾಗಿಲ ತಗಡೇ ಒಂದು ದೊಡ್ಡ, ಕೆಟ್ಟ ಸ್ಪೀಕರ್ ಆಗಿ ದುಡಿಯುತ್ತದೆ.

ತಗಡು ಹೀಗೆ ಭಾಗಭಾಗವಾಗಿ ಕುಣಿಯುತ್ತದೆ ಎಂಬುದನ್ನು ಕಣ್ಣಿಗೆ ಕಾಣಿಸಿದವನು ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ. ಲೋಹದ ಹಲಗೆಯ ಮೇಲೆ ಮರಳು ಉದುರಿಸಿ ಅಂಚಿಗೆ ಪಿಟೀಲಿನ ಕಮಾನು ಎಳೆದಾಗ, ಅಲುಗುವ ಭಾಗಗಳಿಂದ ಸಿಡಿದ ಮರಳು ಅಲುಗದ ಗೆರೆಗಳಲ್ಲಿ ಗುಡ್ಡೆಗೂಡಿ ಚಿತ್ತಾರವಾಗುವುದನ್ನು ಅವನು 1787ರಲ್ಲಿ ಪ್ರಕಟಿಸಿದ. ಮುಂದೆ ಪ್ಯಾರಿಸ್ಸಿನಲ್ಲಿ ಈ ಆಟವನ್ನು ಕಂಡ ನೆಪೋಲಿಯನ್ ಅದರ ಗಣಿತಕ್ಕೆ ಬಹುಮಾನ ಘೋಷಿಸಲು ಪ್ರೇರಣೆಯಾದ. ಹೆಣ್ಣೆಂಬ ಕಾರಣಕ್ಕೆ ಉನ್ನತ ವಿದ್ಯಾಲಯದ ಬಾಗಿಲು ಮುಚ್ಚಿದ್ದ ಫ್ರೆಂಚ್ ಗಣಿತಜ್ಞೆ ಸೋಫಿ ಜರ್ಮೇನ್ ಮೂರನೆಯ ಯತ್ನದಲ್ಲಿ, 1816ರಲ್ಲಿ, ಆ ಬಹುಮಾನವನ್ನು ಗೆದ್ದಳು. ಬಾಗಿಲ ತಗಡಿನ ನಡುಭಾಗ ಏಕೆ ಹೆಚ್ಚು ಅಲುಗುತ್ತದೆ, ಮಡಿಕೆ ಹೊಡೆದು ಗಟ್ಟಿಮಾಡಿದ ಅಂಚು ಏಕೆ ಸುಮ್ಮನಿರುತ್ತದೆ ಎಂಬುದಕ್ಕೆ ಉತ್ತರ ಆ ಗಣಿತದ ಪರಂಪರೆಯಲ್ಲೇ ಇದೆ. ಶೀಟ್ ಅಂಟಿಸುವಾಗ ಮೊದಲ ತುಂಡು ತಗಡಿನ ನಡುವಿಗೇ ಹೋಗಬೇಕು ಎಂಬ ಸಲಹೆಯ ಹಿಂದಿರುವುದೂ ಇದೇ.

ಶೀಟ್ ಮಾಡುವುದೇನು? ಅದು ಸ್ಪಂಜಿನಂತೆ ಸದ್ದನ್ನು ಹೀರುತ್ತದೆ ಎಂದು ಕೆಲವರು, ಗೋಡೆಯಂತೆ ತಡೆಯುತ್ತದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಅದರ ಮುಖ್ಯ ಕೆಲಸ ಎರಡೂ ಅಲ್ಲ. ಸುಮಾರು 2 ಮಿಲಿಮೀಟರ್ ದಪ್ಪದ ಅಂಟಂಟು ಬ್ಯೂಟೈಲ್ ರಬ್ಬರು, ಅದರ ಬೆನ್ನಿಗೆ ತೆಳುವಾದ ಅಲ್ಯೂಮಿನಿಯಂ ಹಾಳೆ, ಇಷ್ಟೇ ಅದರ ರಚನೆ. ಗುಟ್ಟಿರುವುದು ಆ ಹಾಳೆಯಲ್ಲಿ. ದಪ್ಪ ಪುಸ್ತಕವೊಂದನ್ನು ಬಾಗಿಸಿದಾಗ ಪುಟಗಳು ಒಂದರ ಮೇಲೊಂದು ಹೇಗೆ ಜಾರುತ್ತವೆಯೋ, ಹಾಗೆಯೇ ತಗಡು ಬಾಗಿದಾಗ ಅದರ ಮೇಲ್ಮೈಗೂ ಅಲ್ಯೂಮಿನಿಯಂ ಹಾಳೆಗೂ ನಡುವೆ ಜಾರಾಟ ನಡೆಯಬೇಕಾಗುತ್ತದೆ. ಹಾಳೆ ಹಿಗ್ಗಲು ಒಪ್ಪುವುದಿಲ್ಲ, ತಗಡು ಬಾಗದೆ ಇರುವುದಿಲ್ಲ. ನಡುವೆ ಸಿಕ್ಕಿಕೊಂಡ ರಬ್ಬರು ಸೆಕೆಂಡಿಗೆ ನೂರಾರು ಬಾರಿ ಅತ್ತಿಂದಿತ್ತ ಓರೆಯಾಗಿ ಎಳೆದಾಡಲ್ಪಡುತ್ತದೆ. ಹಾಳೆಯಿಲ್ಲದ ಬರಿಯ ರಬ್ಬರು ತಗಡಿನ ಜೊತೆಗೇ ಹಿಗ್ಗಿ ಕುಗ್ಗಿ ಸುಮ್ಮನಾಗಿಬಿಡುತ್ತಿತ್ತು. ಓರೆಯ ಎಳೆತ ಹುಟ್ಟುವುದು ಮೇಲಿನ ಪದರ ಬಿಗಿಯಾಗಿದ್ದಾಗ ಮಾತ್ರ. ಇದರ ಲೆಕ್ಕಾಚಾರವನ್ನು ಎಡ್ವರ್ಡ್ ಕರ್ವಿನ್ ಎಂಬ ಅಮೆರಿಕದ ವಿಜ್ಞಾನಿ 1959ರಲ್ಲಿ ಪ್ರಕಟಿಸಿದರು, ಇಂದಿಗೂ ಬಳಕೆಯಲ್ಲಿರುವುದು ಅದೇ ಅಡಿಪಾಯ.

ಎಳೆದಾಡಿದರೆ ಶಕ್ತಿ ಏಕೆ ಕಳೆದುಹೋಗಬೇಕು? ಮಾಮೂಲಿ ರಬ್ಬರಿನ ಚೆಂಡು ತನ್ನೊಳಗೆ ಸೇರಿದ ಶಕ್ತಿಯಲ್ಲಿ ಹೆಚ್ಚಿನದನ್ನು ಹಿಂದಿರುಗಿಸಿ ಪುಟಿಯುತ್ತದೆ. ಬ್ಯೂಟೈಲ್ ಚೆಂಡನ್ನು ಕೋಣೆಯ ಉಷ್ಣತೆಯಲ್ಲಿ ಬೀಳಿಸಿದರೆ ಅದು ಬಿದ್ದಲ್ಲೇ ಬಿದ್ದಿರುತ್ತದೆ ಎನ್ನಬಹುದು. 1937ರಲ್ಲಿ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ ರೂಪಿಸಿದ ಈ ರಬ್ಬರಿನ ಅಣುಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲದ ಮೇಲೆ ಎರಡೆರಡು ಮೀಥೈಲ್ ಗುಂಪುಗಳು ಕಿಕ್ಕಿರಿದು ಕೂತಿರುತ್ತವೆ. ಸರಪಳಿ ತಿರುಗಬೇಕೆಂದರೆ ಈ ಗುಂಪುಗಳು ಒಂದನ್ನೊಂದು ತಳ್ಳಿಕೊಂಡೇ ದಾರಿ ಮಾಡಿಕೊಳ್ಳಬೇಕು. ಆ ತಳ್ಳಾಟದಲ್ಲಿ ಕಂಪನದ ಶಕ್ತಿ ಕಣ್ಣಿಗೂ ಕೈಗೂ ತಿಳಿಯದಷ್ಟು ಅಲ್ಪ ಉಷ್ಣವಾಗಿ ಕರಗುತ್ತದೆ. ಗಾಳಿ ಸೋರಲು ಬಿಡದ ಗುಣವೂ ಈ ಇಕ್ಕಟ್ಟಿನಿಂದಲೇ ಬಂದದ್ದು, ಟೈರಿನ ಟ್ಯೂಬುಗಳಿಗೆ ಬ್ಯೂಟೈಲನ್ನು ಆರಿಸಿದ್ದು ಅದಕ್ಕಾಗಿ. ಆದರೆ ಈ ಗುಣ ಉಷ್ಣತೆಯನ್ನು ನೆಚ್ಚಿಕೊಂಡಿದೆ: ತೀರ ಬಿಸಿಯಾದರೆ ಅದೇ ಚೆಂಡು ಪುಟಿಯತೊಡಗುತ್ತದೆ, ತೀರ ತಣ್ಣಗಾದರೆ ಬಿರುಸಾಗುತ್ತದೆ. ಮನೆಯ ಚಾವಣಿಗೆ ಹಾಕುವ ಅಗ್ಗದ ಡಾಂಬರು ಶೀಟನ್ನು ಬಾಗಿಲಿಗೆ ಅಂಟಿಸಿ ಹಣ ಉಳಿಸಿದೆವೆಂದು ಬೀಗುವವರಿಗೆ ಹೇಳಬೇಕಾದ ಮಾತೂ ಇಲ್ಲಿದೆ. ಬಿಸಿಲಿಗೆ ನಿಂತ ವಾಹನದಲ್ಲಿ ಡಾಂಬರು ಮೆತ್ತಗಾಗಿ ಜಾರುತ್ತದೆ, ವಾಸನೆ ಕ್ಯಾಬಿನ್ನಿನ ತುಂಬ ಕೂರುತ್ತದೆ.

ಇಷ್ಟು ತಿಳಿದ ಮೇಲೆ ಇಡೀ ವಾಹನವನ್ನು ಒಂದಿಂಚೂ ಬಿಡದೆ ಶೀಟಿನಲ್ಲಿ ಸುತ್ತುವ ಹುಚ್ಚು ಅನಗತ್ಯವೆಂದು ಬೇರೆ ಹೇಳಬೇಕಿಲ್ಲ. ಚಪ್ಪಟೆ ತಗಡಿನ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ, ಹೆಚ್ಚು ಅಲುಗುವ ಜಾಗಗಳಲ್ಲಿ ಅಂಟಿಸಿದರೆ ಅನುರಣನದ ಬಹುಪಾಲು ಅಡಗುತ್ತದೆ; ಅಲ್ಲಿಂದ ಮುಂದೆ ಹೆಚ್ಚುವುದು ಮುಖ್ಯವಾಗಿ ತೂಕ. ಬೆರಳ ಗೆಣ್ಣಿನಿಂದ ಬಾಗಿಲ ಹೊರಮೈಯನ್ನು ತಟ್ಟಿ ನೋಡಿದರೆ, ಮೊದಲು ‘ಟಣ್’ ಎಂದು ಎಳೆದಾಡುತ್ತಿದ್ದ ಸದ್ದು ‘ದಬ್’ ಎಂದು ಅಲ್ಲಿಗೇ ನಿಲ್ಲುವುದು ಗೊತ್ತಾಗುತ್ತದೆ. ಆದರೆ ಗಾಳಿಯ ಮೂಲಕ ಬರುವ ಟೈರಿನ ಗದ್ದಲಕ್ಕೆ ಈ ಮದ್ದು ಸಾಲದು. ಅಲ್ಲಿ ನಡೆಯುವುದು ತೂಕದ ನಿಯಮ: ತಡೆಗೋಡೆಯ ತೂಕ ಇಮ್ಮಡಿಯಾದರೆ 6 ಡೆಸಿಬೆಲ್ ತಡೆ ಹೆಚ್ಚುತ್ತದೆ. 0.8 ಮಿಲಿಮೀಟರ್ ಉಕ್ಕು ಚದರ ಮೀಟರಿಗೆ ಸುಮಾರು 6.3 ಕಿಲೋಗ್ರಾಂ ತೂಗುತ್ತದೆ. ಅದಕ್ಕೆ 3 ಕಿಲೋಗ್ರಾಂ ಸೇರಿಸಿದರೆ ಸಿಗುವುದು ಮೂರೂವರೆ ಡೆಸಿಬೆಲ್ ಅಷ್ಟೇ. ಅದೇ ತಗಡು 1000 ಹರ್ಟ್ಸ್, ಅಂದರೆ ಸೆಕೆಂಡಿಗೆ 1000 ಕಂಪನದ, ಸದ್ದನ್ನು ಲೆಕ್ಕದ ಪ್ರಕಾರ ಸುಮಾರು 29 ಡೆಸಿಬೆಲ್ ತಡೆದರೆ, 100 ಹರ್ಟ್ಸ್‌ನ ಗುಡುಗನ್ನು ತಡೆಯುವುದು ಕೇವಲ 9. ಇದಕ್ಕೆಂದೇ ಇರುವ ಭಾರದ ವಿನೈಲ್ ಹಾಳೆಯನ್ನು ನೆಲದ ಮೇಲೆ, ಕೆಳಗೊಂದು ಮೆತ್ತನೆಯ ಫೋಮ್ ಪದರವಿಟ್ಟು, ಸಂದಿಲ್ಲದಂತೆ ಹಾಸಬೇಕು. ಬರಿಯ ಫೋಮ್‌ನಿಂದ ಸದ್ದು ನಿಲ್ಲಿಸುತ್ತೇವೆನ್ನುವವರು, ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಹೊಡೆಯುವವರು ತರಂಗದೂರವನ್ನು ಮರೆತಿರುತ್ತಾರೆ: 100 ಹರ್ಟ್ಸ್ ಅಲೆಯ ಉದ್ದ 3.4 ಮೀಟರ್, ಒಂದು ಸೆಂಟಿಮೀಟರ್ ಫೋಮ್ ಅದರ ಲೆಕ್ಕಕ್ಕೇ ಬರುವುದಿಲ್ಲ.

ಬಾಗಿಲ ಒಳಮೈಯ ಹೊದಿಕೆಯಾದ ಡೋರ್ ಪ್ಯಾಡ್ ಬಿಚ್ಚಿದಾಗ ಕಾಣುವ ದೃಶ್ಯವೇ ಮುಂದಿನ ಪಾಠ. ಒಳತಗಡಿನ ಉದ್ದಕ್ಕೂ ಅಂಗೈ ಹೋಗುವಷ್ಟು ದೊಡ್ಡ ತೂತುಗಳು, ಅವನ್ನು ಮುಚ್ಚಿದ ಒಂದು ತೆಳು ಪ್ಲಾಸ್ಟಿಕ್ ಹಾಳೆ, ಹಾಳೆಯ ಸುತ್ತ ಕೈಗೆ ಹತ್ತಿದರೆ ಬಿಡದ ಕಪ್ಪು ಅಂಟು. ತೂತಿನೊಳಗೆ ಇಣುಕಿದರೆ ಗಾಜು ಎತ್ತುವ ಕಂಬಿ, ಅದರಾಚೆ ಹೊರತಗಡಿನ ಮೇಲೆ ಮಳೆನೀರು ಇಳಿದ ಗೆರೆಗಳು. ಗಾಜಿನ ಪಕ್ಕದ ಸಂದಿನಿಂದ ಬಾಗಿಲೊಳಕ್ಕೆ ನೀರು ಇಳಿಯುವುದು ಸಹಜ, ಅದು ತಳದ ಸಣ್ಣ ತೂತುಗಳಿಂದ ಹೊರಹೋಗುವಂತೆ ಬಾಗಿಲನ್ನು ರೂಪಿಸಿರುತ್ತಾರೆ. ಆ ತೂತುಗಳನ್ನು ಶೀಟಿನಿಂದ ಮುಚ್ಚಿದರೆ, ಅಥವಾ ನೀರು ಹೀರುವ ಫೋಮನ್ನು ಒಳಗೆ ತುರುಕಿದರೆ, ತುಕ್ಕಿಗೆ ಮನೆ ಕಟ್ಟಿಕೊಟ್ಟಂತೆ. ತಗಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಅಂಟಿಸಿದ ಶೀಟಿನ ಮೇಲೆ ಅಲ್ಯೂಮಿನಿಯಂ ಹಾಳೆಯ ಉಬ್ಬುಚಿತ್ತಾರ ಮಟ್ಟವಾಗುವವರೆಗೂ ಚಿಕ್ಕ ರೋಲರ್ ಒತ್ತಿ ಓಡಿಸಬೇಕು. ಅಂಟದೆ ಗಾಳಿ ಉಳಿದ ಕಡೆ ಓರೆಯ ಎಳೆತವಿಲ್ಲ, ಎಳೆತವಿಲ್ಲದ ಕಡೆ ಶಮನವೂ ಇಲ್ಲ. ಕೈಗೆ ಗವಸು ಇರಲಿ, ಕತ್ತರಿಸಿದ ಅಲ್ಯೂಮಿನಿಯಂ ಅಂಚು ಬೆರಳನ್ನು ಬ್ಲೇಡಿನಷ್ಟೇ ಸಲೀಸಾಗಿ ಸೀಳುತ್ತದೆ.

ಆ ದೊಡ್ಡ ತೂತುಗಳನ್ನು ಮುಚ್ಚುವುದಕ್ಕೆ ಬೇರೊಂದು ಕಾರಣವಿದೆ, ಸ್ಟೀರಿಯೊ ಬದಲಿಸಿಯೂ ಬಾಸ್ ಬಾರದೆ ಕೊರಗುವವರಲ್ಲಿ ಬಹಳಷ್ಟು ಮಂದಿ ಎಡವುವುದು ಇಲ್ಲೇ. ಸ್ಪೀಕರ್‌ನ ಶಂಕು ಮುಂದಕ್ಕೆ ಚಲಿಸಿದಾಗ ಎದುರಿನ ಗಾಳಿ ಒತ್ತುತ್ತದೆ, ಹಿಂದಿನ ಗಾಳಿ ಸಡಿಲಗೊಳ್ಳುತ್ತದೆ. ಕೆಳಸ್ವರಗಳ ಅಲೆಗಳು ಮೀಟರುಗಟ್ಟಲೆ ಉದ್ದವಿರುವುದರಿಂದ, ಹಿಂದಿನ ಅಲೆ ಪಕ್ಕದ ತೂತಿನಿಂದ ನುಸುಳಿ ಮುಂದಿನ ಅಲೆಯನ್ನು ಸೇರಿದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ತೂತುಗಳನ್ನು ಗಟ್ಟಿ ಹಲಗೆಯಿಂದ ಮುಚ್ಚಿ, ಸ್ಪೀಕರ್ ಕೂರುವ ಉಂಗುರದ ಸುತ್ತ ಫೋಮಿನ ಬಿಗಿಪಟ್ಟಿ ಹಾಕಿದರೆ ಬಾಗಿಲೇ ಸ್ಪೀಕರ್ ಪೆಟ್ಟಿಗೆಯಾಗುತ್ತದೆ. ಹಳೆಯ ಸ್ಪೀಕರಿನಲ್ಲೂ ಬಾಸ್ ಮೂಡುವುದನ್ನು ಕೇಳಬಹುದು.

ಪಿಕಪ್‌ನ ಚಿಕ್ಕ ಕ್ಯಾಬಿನ್ ಒಂದು ವಿಷಯದಲ್ಲಿ ಉಪಕಾರಿ. ಅದರ ಉದ್ದ 1.7 ಮೀಟರ್ ಎಂದಿಟ್ಟುಕೊಂಡರೆ, ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನ ಸ್ವರದ ಅರ್ಧ ಅಲೆಯೂ ಒಳಗೆ ಹಿಡಿಸುವುದಿಲ್ಲ. ಆಗ ಕೆಳಸ್ವರಗಳಿಗೆಂದೇ ಇರುವ ಸ್ಪೀಕರ್ ಆದ ಸಬ್‌ವೂಫರ್ ಅಲೆಯನ್ನು ಕಳಿಸುವ ಬದಲು ಇಡೀ ಕ್ಯಾಬಿನ್ನಿನ ಗಾಳಿಯ ಒತ್ತಡವನ್ನೇ ಏರಿಳಿಸುತ್ತದೆ. ಸೋರಿಕೆಯಿಲ್ಲದ ಆದರ್ಶ ಕ್ಯಾಬಿನ್ನಿನಲ್ಲಿ ಆವೃತ್ತಿ ಅರ್ಧಕ್ಕಿಳಿದಂತೆಲ್ಲ 12 ಡೆಸಿಬೆಲ್ ಲಾಭ ಸಿಗುತ್ತದೆ, ಮುಚ್ಚಿದ ಪೆಟ್ಟಿಗೆಯ ಸಬ್‌ವೂಫರ್ ತನ್ನ ಅನುರಣನದ ಆವೃತ್ತಿಗಿಂತ ಕೆಳಗೆ ಕಳೆದುಕೊಳ್ಳುವುದೂ ಅಷ್ಟೇ, ಹಾಗಾಗಿ ಲಾಭ ನಷ್ಟ ಸರಿದೂಗುತ್ತವೆ. ನಿಜದ ವಾಹನ ಸೋರುತ್ತದೆ, ತಗಡು ಬಾಗುತ್ತದೆ, ಆದ್ದರಿಂದ ಲಾಭವೂ ಕಡಿಮೆ. ಆದರೂ ಸೀಟಿನ ಹಿಂದೆ ಸಿಕ್ಕುವ ಒಂದು ಗೇಣು ಜಾಗಕ್ಕೆ ಹೊಂದುವ ತೆಳ್ಳನೆಯ ಮುಚ್ಚಿದ ಪೆಟ್ಟಿಗೆ ಇಲ್ಲಿ ತನ್ನ ಗಾತ್ರಕ್ಕೆ ಮೀರಿ ಗುಡುಗುವುದು ಈ ಕಾರಣಕ್ಕೆ. ಹಿಂಗೋಡೆಗೆ ಶೀಟ್ ಹಾಕದೆ ಅದನ್ನು ಕೂರಿಸಿದರೆ ಮೊದಲು ಗುಡುಗುವುದು ಹಿಂಗೋಡೆ.

ವಯರಿಂಗಿನ ಬಗ್ಗೆ ಎರಡೇ ಮಾತು. ಬ್ಯಾಟರಿಯಿಂದ ಆಂಪ್ಲಿಫಯರ್‌ಗೆ ಎಳೆದ ತಂತಿಯ ಫ್ಯೂಸ್ ಬ್ಯಾಟರಿಯ ಹತ್ತಿರದಲ್ಲೇ, ಅರ್ಧ ಮೀಟರಿನೊಳಗೆ ಇರಬೇಕು, ಏಕೆಂದರೆ ಅದು ಕಾಯುವುದು ತಂತಿಯನ್ನು; ಮಧ್ಯದಲ್ಲೆಲ್ಲೋ ಉಜ್ಜಿ ಷಾಸಿಗೆ ತಗುಲಿದ ತಂತಿ ಬೆಂಕಿಯಾಗುವುದನ್ನು ಆಂಪ್ಲಿಫಯರ್ ಬಳಿಯ ಫ್ಯೂಸ್ ನೋಡುತ್ತಾ ಕೂರುತ್ತದೆ. ಅರ್ಥ್ ತಂತಿಯನ್ನು ಬಣ್ಣ ಕೆರೆದ ಬರಿಯ ಲೋಹಕ್ಕೇ ಬಿಗಿಯಬೇಕು. ಎಂಜಿನ್ ವೇಗದೊಂದಿಗೆ ಏರಿಳಿಯುವ ಕೀರಲು ಕೇಳಿದರೆ ಸ್ಟೀರಿಯೊಗೂ ಆಂಪ್ಲಿಫಯರ್‌ಗೂ ಅರ್ಥ್ ಮಟ್ಟದಲ್ಲಿ ವ್ಯತ್ಯಾಸವಿದೆ ಎಂದು ಮೊದಲು ಅನುಮಾನಿಸಬೇಕು. 1930ರಲ್ಲಿ ಪಾಲ್ ಗ್ಯಾಲ್ವಿನ್ ತಮ್ಮ ಕಂಪನಿಯಿಂದ ‘ಮೋಟೊರೋಲ’ ಹೆಸರಿನ ಕಾರ್ ರೇಡಿಯೊ ತಂದಾಗಿನಿಂದಲೂ ವಾಹನದ ಸ್ವಂತ ವಿದ್ಯುತ್ತೇ ಈ ಕಸುಬಿನ ಹಳೆಯ ಶತ್ರು. ಆ ಕಾಲದಲ್ಲಿ ಸ್ಪಾರ್ಕ್ ಪ್ಲಗ್‌ಗಳ ಚಟಪಟ, ಈಗ ಆಲ್ಟರ್ನೇಟರಿನ ಕೀರಲು.

ತಗಡು ಅಡಗಿ, ಬಾಗಿಲು ಬಿಗಿಯಾದ ಮೇಲೆ ಉಳಿಯುವ ಸಣ್ಣ ಅಂಕಗಣಿತವೊಂದಿದೆ. ಚಾಲಕನಿಗೆ ತನ್ನ ಪಕ್ಕದ ಬಾಗಿಲಿನ ಸ್ಪೀಕರ್ ಆಚೆಯದಕ್ಕಿಂತ 60 ಸೆಂಟಿಮೀಟರ್ ಹತ್ತಿರವಿದ್ದರೆ, ಅದರ ಸದ್ದು 1.75 ಮಿಲಿಸೆಕೆಂಡ್ ಮೊದಲೇ ಕಿವಿಗೆ ಬಂದು ಹಾಡೆಲ್ಲ ಆ ಬಾಗಿಲಿಂದಲೇ ಹೊರಟಂತೆ ತೋರುತ್ತದೆ. ಈಗಿನ ಎಷ್ಟೋ ಸ್ಟೀರಿಯೊಗಳಲ್ಲಿ ಸ್ಪೀಕರಿನ ದೂರವನ್ನು ತುಂಬುವ ಒಂದು ಆಯ್ಕೆ ಇರುತ್ತದೆ; ಅಳತೆ ಟೇಪು ಹಿಡಿದು ತಲೆಯಿಂದ ಪ್ರತಿ ಸ್ಪೀಕರಿಗೆ ಇರುವ ದೂರವನ್ನು ಅಳೆದು ತುಂಬಿದರೆ, ಹತ್ತಿರದ ಸ್ಪೀಕರ್ ಅಷ್ಟು ಹೊತ್ತು ಕಾದು ಹಾಡುತ್ತದೆ, ಗಾಯಕ ಡ್ಯಾಶ್‌ಬೋರ್ಡಿನ ನಡುವಿಗೆ ಬಂದು ನಿಲ್ಲುತ್ತಾನೆ. ಪಕ್ಕದ ಸೀಟಿನಲ್ಲಿ ಕೂತವರಿಗೆ ಮಾತ್ರ ಈ ಹೊಂದಾಣಿಕೆ ಪೂರ್ತಿ ಉಲ್ಟಾ.