ಮೆಥಡೋನ್‌ಗೆ ಎಲ್ಲಿ ಬಿಗಿ ಬೇಕು, ಎಲ್ಲಿ ಬೇಡ

ಮೆಥಡೋನ್ ಅಫೀಮಿನಂತೆ ಕೆಲಸ ಮಾಡುವ ಒಂದು ಔಷಧಿ. ನೋವಿಗೆಂದು ವೈದ್ಯರು ಬರೆದುಕೊಟ್ಟರೆ ಅದು ಅಮೆರಿಕದ ಔಷಧಿ ಅಂಗಡಿಯಲ್ಲೇ ಸಿಗುತ್ತದೆ. ಅದೇ ಮೆಥಡೋನ್ ಹೆರಾಯಿನ್ ಅಥವಾ ಫೆಂಟನಿಲ್ ಚಟದ ಚಿಕಿತ್ಸೆಗೆ ಬೇಕೆಂದರೆ, ಅದಕ್ಕೆಂದೇ ಮಾನ್ಯತೆ ಪಡೆದ ಕೇಂದ್ರಕ್ಕೆ ಹೋಗಬೇಕು. ಆ ಕೇಂದ್ರಕ್ಕೆ ಒಕ್ಕೂಟ ಸರ್ಕಾರದ ಸಾಮ್ಸಾ (ವ್ಯಸನ ಚಿಕಿತ್ಸೆ ಮತ್ತು ಮಾನಸಿಕ ಆರೋಗ್ಯ ನೋಡಿಕೊಳ್ಳುವ ಸಂಸ್ಥೆ) ಮತ್ತು ಡಿಇಎ (ಮಾದಕ ದ್ರವ್ಯ ನಿಯಂತ್ರಣ ಸಂಸ್ಥೆ) ಇವುಗಳ ಒಪ್ಪಿಗೆಯ ಜೊತೆಗೆ ರಾಜ್ಯದ ಅನುಮತಿಯೂ ಬೇಕು. ಒಕ್ಕೂಟದ ನಿಯಮ ಸಡಿಲವಿದ್ದು ರಾಜ್ಯದ್ದು ಬಿಗಿಯಾಗಿದ್ದರೆ, ರೋಗಿಯ ಮಟ್ಟಿಗೆ ನಡೆಯುವುದು ರಾಜ್ಯದ್ದೇ.

ಬಿಗಿ ಎಲ್ಲಿ ಬೇಕೆಂಬುದನ್ನು ಔಷಧಿಯ ಗುಣ ನೋಡಿ ತೀರ್ಮಾನಿಸಬೇಕು. ಕುಡಿದ ಎರಡರಿಂದ ನಾಲ್ಕು ಗಂಟೆಯಲ್ಲಿ ಮೆಥಡೋನ್ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಅದು ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಒಂದು ದಿನ ಅಥವಾ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ನಿನ್ನೆ ಉಳಿದದ್ದಕ್ಕೆ ಇಂದಿನ ಡೋಸು ಕೂಡುತ್ತಾ ಹೋಗುವುದರಿಂದ, ಪ್ರಮಾಣ ಬದಲಿಸದಿದ್ದರೂ ಐದನೇ ದಿನ ರಕ್ತದಲ್ಲಿ ಮೊದಲ ದಿನಕ್ಕಿಂತ ಎಷ್ಟೋ ಹೆಚ್ಚು ಔಷಧಿ ಇರುತ್ತದೆ. ಎರಡನೇ ದಿನ ರೋಗಿ ಬೆವರುತ್ತಾ, ನಡುಗುತ್ತಾ ‘ಸಾಲುತ್ತಿಲ್ಲ’ ಎನ್ನುತ್ತಾರೆ. ಹಾಗೆಂದು ದಿನದಿನವೂ ಏರಿಸಿದರೆ ನಾಲ್ಕನೆಯದೋ ಐದನೆಯದೋ ರಾತ್ರಿ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. 2024ರ ಒಕ್ಕೂಟ ನಿಯಮ ಮೊದಲ ದಿನಕ್ಕೆ 50 ಮಿಲಿಗ್ರಾಂ ಮಿತಿ ಇಟ್ಟಿದೆ (ಮೊದಲು 40 ಇತ್ತು). ದಾಟಬೇಕಾದರೆ ವೈದ್ಯರು ಕಾರಣ ಬರೆದಿಡಬೇಕು. ಈ ಗೆರೆ ಇರಲೇಬೇಕು.

ಆದರೆ ವರ್ಷಗಟ್ಟಲೆ ದಿನವೂ ಬಂದು ದಾದಿಯ ಮುಂದೆಯೇ ಕುಡಿದು ಹೋಗಬೇಕೆಂಬ ಕಟ್ಟಳೆಗೆ ಅಂಥ ಆಧಾರವಿಲ್ಲ. ಅದರಿಂದ ಜನ ಕೆಲಸ ಕಳೆದುಕೊಳ್ಳುತ್ತಾರೆ, ಚಿಕಿತ್ಸೆಯನ್ನೇ ಬಿಡುತ್ತಾರೆ. ಕೋವಿಡ್ ಬಂದಾಗ, 2020ರ ಮಾರ್ಚ್‌ನಲ್ಲಿ, ಸ್ಥಿರವಾಗಿರುವ ರೋಗಿಗಳಿಗೆ 28 ದಿನದ ಔಷಧಿ ಮನೆಗೆ ಕೊಡಲು ಒಕ್ಕೂಟ ಅವಕಾಶ ಮಾಡಿತು. ರಾಜ್ಯ ಕೇಳಿಕೊಂಡರೆ ಮಾತ್ರ. 2024ರ ನಿಯಮದಲ್ಲಿ ಮೊದಲ 14 ದಿನ ಮನೆಗೆ ಗರಿಷ್ಠ 7 ಡೋಸು, 15ನೇ ದಿನದಿಂದ 14, 31ನೇ ದಿನದಿಂದ 28. ಇಷ್ಟು ಕೊಡಲೇಬೇಕೆಂದಿಲ್ಲ, ಕೊಡಬಹುದು ಅಷ್ಟೇ. ಮನೆಯಲ್ಲಿ ಬಾಟಲಿಗಳು ಬೀಗದ ಪೆಟ್ಟಿಗೆಯಲ್ಲಿರಬೇಕು. ದೊಡ್ಡವರ ಒಂದು ಡೋಸು ಮಗುವಿನ ಜೀವ ತೆಗೆಯಲು ಸಾಕು.

ಕೆಲವು ರಾಜ್ಯಗಳ ಬಿಗಿ ಡೋಸಿಗೆ ಸಂಬಂಧಿಸಿದ್ದೇ ಅಲ್ಲ. ವೆಸ್ಟ್ ವರ್ಜಿನಿಯಾ 2007ರಲ್ಲಿ ಹೊಸ ಮೆಥಡೋನ್ ಕೇಂದ್ರಗಳಿಗೇ ತಡೆ ಹಾಕಿತು. ಇರುವ ಕೇಂದ್ರ ದೂರವಾದಷ್ಟೂ ಡೋಸು ತಪ್ಪುತ್ತದೆ. ಸತತವಾಗಿ ಕೆಲವು ದಿನ ತಪ್ಪಿದರೆ ದೇಹದ ಸಹಿಷ್ಣುತೆ ಇಳಿದಿರುತ್ತದೆ. ಹಳೆಯ ಡೋಸನ್ನೇ ಮತ್ತೆ ಕೊಡುವುದು ಅಪಾಯ, ಇಳಿಸಿ ಶುರುಮಾಡಬೇಕು.

ಬೇರೆ ರಾಜ್ಯಕ್ಕೆ ಮನೆ ಬದಲಿಸುವವರು ಕೊನೆಯ ಡೋಸಿನ ತಾರೀಕು ಮತ್ತು ಮಿಲಿಗ್ರಾಂ ಬರೆದ ಪತ್ರವನ್ನು ಹಳೆಯ ಕೇಂದ್ರದಿಂದ ಮೊದಲೇ ಕಳಿಸಿರಬೇಕು. ಅದನ್ನು ಖಚಿತಪಡಿಸಿಕೊಳ್ಳಲು ಆಗದಿದ್ದರೆ, 110 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದವರನ್ನೂ ಹೊಸ ಕೇಂದ್ರ ಹೊಸ ರೋಗಿಯಂತೆಯೇ ನೋಡುತ್ತದೆ.