60ಕ್ಕೆ ಇಟ್ಟ ಅಡಿಕೆ ಡ್ರೈಯರ್ 66ಕ್ಕೆ ಏರಿ 54ಕ್ಕೆ ಇಳಿಯುವುದೇಕೆ?

ಪ್ರಶ್ನೆ: ಕೆಂಪಡಿಕೆ ಒಣಗಿಸಲು 12 ಕಿಲೋವ್ಯಾಟ್‌ನ ಕರೆಂಟ್ ಡ್ರೈಯರ್ ಮಾಡಿಸಿದ್ದೇವೆ. ತ್ರೀ ಫೇಸ್, ಫೇಸಿಗೊಂದು 4 ಕಿಲೋವ್ಯಾಟ್ ಕಾಯಿಲ್, ಬ್ಲೋವರ್, ಪಿಟಿ-100 ಸೆನ್ಸರ್, ಪಿಐಡಿ ಕಂಟ್ರೋಲರ್. 60 ಡಿಗ್ರಿ ಇಟ್ಟರೆ 66ರ ತನಕ ಏರುತ್ತದೆ, ಆಮೇಲೆ 54ಕ್ಕೆ ಇಳಿಯುತ್ತದೆ. ಏಳು-ಏಳೂವರೆ ನಿಮಿಷಕ್ಕೊಮ್ಮೆ ಇದೇ ಆಟ. ಪಿ, ಐ, ಡಿ ಎಷ್ಟೆಷ್ಟು ಇಡಬೇಕು?
— ಹುಲೇಕಲ್ ಕಡೆಯ ಓದುಗರು, ಶಿರಸಿ ತಾಲೂಕು

ಉತ್ತರ: ಪಿಐಡಿ ಅಂದರೆ ಬಿಸಿ ಗುರಿಯಿಂದ ಎಷ್ಟು ದೂರವಿದೆ (ಪಿ, ಪ್ರೊಪೋರ್ಷನಲ್), ಆ ಅಂತರ ಎಷ್ಟು ಕೂಡುತ್ತ ಬಂದಿದೆ (ಐ, ಇಂಟಿಗ್ರಲ್), ಎಷ್ಟು ಬೇಗ ಬದಲಾಗುತ್ತಿದೆ (ಡಿ, ಡೆರಿವೇಟಿವ್) ಎಂದು ನೋಡಿ ಕಾಯಿಲ್ ಬಿಸಿಯನ್ನು ಹೆಚ್ಚುಕಡಿಮೆ ಮಾಡುವ ಕ್ರಮ. ಮೊದಲು ಕಂಟ್ರೋಲರ್‌ನ ಔಟ್‌ಪುಟ್ ದೀಪ ನೋಡಿ. ಮೂರೂವರೆ ನಿಮಿಷ ಒಂದೇ ಸಮ ಉರಿದು, ಅಷ್ಟೇ ಹೊತ್ತು ಆರಿರುತ್ತದೆಯೇ? ಹಾಗಿದ್ದರೆ ಪಿಐಡಿ ಅಂತ ಕೊಂಡು ತಂದದ್ದು ಬರೀ ಆನ್-ಆಫ್ ಸ್ವಿಚ್ಚಿನ ಕೆಲಸ ಮಾಡುತ್ತಿದೆ. ಅನೇಕ ಕಂಟ್ರೋಲರ್‌ಗಳಲ್ಲಿ ಪ್ರೊಪೋರ್ಷನಲ್ ಬ್ಯಾಂಡ್ (ಗುರಿಯ ಹತ್ತಿರ ಎಷ್ಟು ಡಿಗ್ರಿಯೊಳಗೆ ಔಟ್‌ಪುಟ್ ಸ್ವಲ್ಪಸ್ವಲ್ಪವಾಗಿ ತಗ್ಗಬೇಕು ಎಂಬ ಅಂಕಿ) ಸೊನ್ನೆ ಇಟ್ಟರೆ ಆನ್-ಆಫ್ ಎಂದೇ ಲೆಕ್ಕ. ಒಂದೆರಡು ಡಿಗ್ರಿ ಇಟ್ಟರೂ ಹೆಚ್ಚುಕಡಿಮೆ ಅದೇ. ಪಿಐಡಿ ನಿಜವಾಗಿ ನಡೆಯುತ್ತಿದ್ದರೆ 60ರ ಹತ್ತಿರ ಬಂದಾಗ ದೀಪ ಮಿಣುಕುತ್ತಿರಬೇಕು.

ಆದರೆ ಅಂಕಿ ಬದಲಿಸುವ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ. ಓಲಾಟದ ಮೂಲ ಕಂಟ್ರೋಲರ್‌ನಲ್ಲಿಲ್ಲ, ತಡದಲ್ಲಿದೆ. ಕಾಯಿಲ್‌ಗೆ ಕರೆಂಟ್ ಕೊಟ್ಟ ಮೇಲೆ ಕಾಯಿಲ್ ಕಾಯಬೇಕು, ಗಾಳಿ ಕಾಯಬೇಕು, ಆ ಗಾಳಿ ಡಕ್ಟ್ ದಾಟಿ ಬರಬೇಕು, ಸೆನ್ಸರ್‌ನ ಕೊಳವೆ ಬಿಸಿಯಾಗಬೇಕು. ಅಷ್ಟಾದ ಮೇಲೆ ಡಿಸ್‌ಪ್ಲೇಯ ಅಂಕಿ ಅಲ್ಲಾಡುತ್ತದೆ. ಇದಕ್ಕೆ ಡೆಡ್ ಟೈಮ್ ಎನ್ನುತ್ತಾರೆ. ಆನ್-ಆಫ್‌ನಲ್ಲಿ ಏರಿಕೆ, ಇಳಿಕೆ ಸಮಸಮ ಇದ್ದರೆ ಒಂದು ಸುತ್ತಿನ ಕಾಲು ಭಾಗ ಅಥವಾ ಅದಕ್ಕಿಂತ ತುಸು ಹೆಚ್ಚು ಹೊತ್ತು ಈ ತಡವೇ ಇರುತ್ತದೆ. ಏಳೂವರೆ ನಿಮಿಷದ ಸುತ್ತು ಅಂದರೆ ನಿಮ್ಮಲ್ಲಿ ಸುಮಾರು 2 ನಿಮಿಷ. 60 ತಲುಪಿದಾಗ ಕಾಯಿಲ್ ಆಫ್ ಆದರೂ ಹಿಂದಿನ 2 ನಿಮಿಷದ ಬಿಸಿ ಇನ್ನೂ ದಾರಿಯಲ್ಲಿದೆ. ಅದು ಬಂದೇ ತೀರುತ್ತದೆ.

ಹಾಗಾಗಿ ಸೆನ್ಸರ್ ಎಲ್ಲಿ ಕೂತಿದೆ ನೋಡಿ. ದಪ್ಪ ಲೋಹದ ಕವಚವಾದ ಥರ್ಮೋವೆಲ್‌ನೊಳಗೆ ಸಡಿಲವಾಗಿ ಕೂತ ಪಿಟಿ-100ಗೆ ಗಾಳಿಯ ಬಿಸಿ ತಿಳಿಯಲು ಒಂದೆರಡು ನಿಮಿಷ ಬೇಕಾಗುವುದುಂಟು. ಬಿಸಿಗಾಳಿಗೆ ಥರ್ಮೋವೆಲ್ ಬೇಕಿಲ್ಲ. 6 ಮಿಲಿಮೀಟರಿನ ಬರೀ ಕೊಳವೆ ನೇರ ಗಾಳಿಯಲ್ಲಿರಲಿ. ಜಾಗ ಬಿಸಿಗಾಳಿ ಟ್ರೇಗಳಿಗೆ ನುಗ್ಗುವ ಬಾಯಿ, ಗಾಳಿ ಹೊರಹೋಗುವ ಕಡೆಯಲ್ಲ. ಕಾಯಿಲ್‌ಗಳ ಎದುರಿಗೂ ಬೇಡ. ಕೆಂಡದಂಥ ಕಾಯಿಲ್‌ನ ಝಳ ನೇರ ಹೊಡೆದು ಗಾಳಿಗಿಂತ ಹೆಚ್ಚಿನ ಅಂಕಿ ತೋರಿಸುತ್ತದೆ. ತಡವನ್ನು 2 ನಿಮಿಷದಿಂದ 1ಕ್ಕೆ ಇಳಿಸಿದರೆ ಆನ್-ಆಫ್‌ನಲ್ಲೇ ಓಲಾಟ 6ರಿಂದ 3 ಡಿಗ್ರಿಗೆ ಬರುತ್ತದೆ, ಕಂಟ್ರೋಲರ್‌ನ ಒಂದೂ ಅಂಕಿ ಮುಟ್ಟದೆ. ವೈರ್ ಕೂಡ ನೋಡಿಬಿಡಿ: ಪಿಟಿ-100 ಡಿಗ್ರಿಗೆ 0.385 ಓಮ್ ಮಾತ್ರ ಬದಲಾಗುವುದು. ಎರಡೇ ವೈರ್ ಎಳೆದಿದ್ದರೆ ವೈರಿನ ಅರ್ಧ ಓಮ್ ಕೂಡ ಒಂದು ಡಿಗ್ರಿಗಿಂತ ಹೆಚ್ಚು ತಪ್ಪು ತೋರಿಸುತ್ತದೆ. ಮೂರು ವೈರ್ ಹಾಕಿ.

ಈಗ ಅಳತೆ. ಕಂಟ್ರೋಲರನ್ನು ಮ್ಯಾನ್ಯುಅಲ್‌ಗೆ ಹಾಕಿ ಔಟ್‌ಪುಟ್ 30 ಪರ್ಸೆಂಟಿಗೆ ಕಟ್ಟಿ, ಬಿಸಿ ಒಂದು ಕಡೆ ನಿಲ್ಲುವ ತನಕ ಬಿಡಿ. ಆಮೇಲೆ ಒಮ್ಮೆಲೇ 50ಕ್ಕೆ ಏರಿಸಿ, ಮೊಬೈಲಿನ ಗಡಿಯಾರ ಇಟ್ಟುಕೊಂಡು 20 ಸೆಕೆಂಡಿಗೊಮ್ಮೆ ಅಂಕಿ ಬರೆಯಿರಿ. ಒಂದು ತಾಸು ಬೇಕು, ಬೇಜಾರಿನ ಕೆಲಸ, ಆದರೆ ಇದಕ್ಕೆ ಬದಲಿಯಿಲ್ಲ. ಡ್ರೈಯರ್ ಖಾಲಿ ಇರುವಾಗ ಮಾಡಿ. ಚೊಗರಿನಿಂದ (ಅಡಿಕೆ ಬೇಯಿಸುವ ಕೆಂಪು ನೀರಿನಿಂದ) ಆಗಷ್ಟೇ ತೆಗೆದ ಅಡಿಕೆ ತುಂಬಿದ್ದರೆ ನೀರು ಆರುವ ವೇಗ ಬದಲಾಗುತ್ತಲೇ ಇದ್ದು ಬಿಸಿ ನಿಲ್ಲುವುದೇ ಇಲ್ಲ.

46 ಡಿಗ್ರಿಯಲ್ಲಿ ನಿಂತಿದ್ದದ್ದು 60ಕ್ಕೆ ಬಂದು ನಿಂತಿತು ಎಂದಿಟ್ಟುಕೊಳ್ಳಿ. 20 ಪರ್ಸೆಂಟಿಗೆ 14 ಡಿಗ್ರಿ, ಅಂದರೆ ಪರ್ಸೆಂಟಿಗೆ 0.7 ಡಿಗ್ರಿ, ಇದು ಡ್ರೈಯರ್‌ನ ಗೇನ್. 14ರಲ್ಲಿ 28.3 ಪರ್ಸೆಂಟ್, ಅಂದರೆ 50 ಡಿಗ್ರಿ, ತಲುಪಿದ್ದು 320ನೇ ಸೆಕೆಂಡಿಗೆ, 63.2 ಪರ್ಸೆಂಟ್, ಅಂದರೆ 54.8 ಡಿಗ್ರಿ, ತಲುಪಿದ್ದು 720ಕ್ಕೆ. ಎರಡರ ಅಂತರ 400ಕ್ಕೆ ಒಂದೂವರೆ ಪಟ್ಟು 600 ಸೆಕೆಂಡ್. ಇದು ಡ್ರೈಯರ್ ಎಷ್ಟು ನಿಧಾನ ಎಂದು ಹೇಳುವ ಟೈಮ್ ಕಾನ್‌ಸ್ಟಂಟ್. 720ರಲ್ಲಿ 600 ಕಳೆದರೆ 120 ಸೆಕೆಂಡ್ ಡೆಡ್ ಟೈಮ್.

ಕಂಟ್ರೋಲರ್‌ನ ಗೇನ್, ಅಂದರೆ ಒಂದು ಡಿಗ್ರಿ ಅಂತರಕ್ಕೆ ಅದು ಬದಲಿಸುವ ಔಟ್‌ಪುಟ್ ಪರ್ಸೆಂಟ್, ಹೀಗೆ: ಟೈಮ್ ಕಾನ್‌ಸ್ಟಂಟನ್ನು, ಡ್ರೈಯರ್‌ನ ಗೇನ್ ಗುಣಿಸು ಡೆಡ್ ಟೈಮಿನ ಎರಡು ಪಟ್ಟಿನಿಂದ ಭಾಗಿಸಿ. 600 ಭಾಗಿಸು (0.7 × 240), ಸುಮಾರು 3.6. ನಿಮ್ಮ ಕಂಟ್ರೋಲರ್ ಗೇನ್ ಕೇಳದೆ ಪ್ರೊಪೋರ್ಷನಲ್ ಬ್ಯಾಂಡ್ ಕೇಳಿದರೆ 100ನ್ನು 3.6ರಿಂದ ಭಾಗಿಸಿ, 28 ಡಿಗ್ರಿ. ಬ್ಯಾಂಡನ್ನು ಡಿಗ್ರಿಯಲ್ಲಿ ಕೇಳುತ್ತದೋ ಪರ್ಸೆಂಟಿನಲ್ಲೋ ನೋಡಿಕೊಳ್ಳಿ: ರೇಂಜ್ 400 ಡಿಗ್ರಿ ಇದ್ದರೆ 28 ಡಿಗ್ರಿ ಅಂದರೆ 7 ಪರ್ಸೆಂಟ್. ಇಲ್ಲಿ ಎಡವುವವರೇ ಹೆಚ್ಚು. ಇಂಟಿಗ್ರಲ್ ಟೈಮ್ ಟೈಮ್ ಕಾನ್‌ಸ್ಟಂಟ್‌ನಷ್ಟೇ, 600 ಸೆಕೆಂಡ್. ಡಿ ಸೊನ್ನೆ ಇರಲಿ, ಇಷ್ಟು ತಡಕ್ಕೆ ಪಿ ಮತ್ತು ಐ ಸಾಕು. ಎರಡೂ ಅಂಕಿ ಉಲ್ಟಾ ಕೆಲಸ ಮಾಡುತ್ತವೆ ಎಂಬುದು ನೆನಪಿರಲಿ: ಬ್ಯಾಂಡ್ ದೊಡ್ಡದಾದಷ್ಟೂ, ಸೆಕೆಂಡ್ ಹೆಚ್ಚಾದಷ್ಟೂ ಕಂಟ್ರೋಲರ್ ಮೆತ್ತಗಾಗುತ್ತದೆ.

ಆಟೋಟ್ಯೂನ್ ಒತ್ತಿದರೆ ಸಾಲದೇ ಎಂದು ಕೇಳಬಹುದು. ಆಟೋಟ್ಯೂನ್ ಸಾಮಾನ್ಯವಾಗಿ ಮಾಡುವುದು ನಿಮ್ಮಲ್ಲಿ ಈಗ ಆಗುತ್ತಿರುವುದನ್ನೇ. ಬೇಕೆಂದೇ ಆನ್-ಆಫ್ ಮಾಡಿ, ಓಲಾಟದ ಎತ್ತರ ಮತ್ತು ಸುತ್ತಿನ ಹೊತ್ತು ಅಳೆಯುತ್ತದೆ. 1984ರಲ್ಲಿ ಸ್ವೀಡನ್ನಿನ ಆಸ್ಟ್ರಮ್ ಮತ್ತು ಹೆಗ್ಲುಂಡ್ ತೋರಿಸಿದ ಉಪಾಯ. ಅಳತೆ ಸರಿಯೇ. ಆದರೆ ಅದರಿಂದ ಅಂಕಿ ತೆಗೆಯಲು 1942ರ ಝೀಗ್ಲರ್-ನಿಕೋಲ್ಸ್ ಸೂತ್ರ ಹಾಕಿದರೆ ಇದೇ ಡ್ರೈಯರ್‌ಗೆ ಪಿಐಡಿ ಗೇನ್ 6, ಇಂಟಿಗ್ರಲ್ 220 ಸೆಕೆಂಡಿನ ಆಸುಪಾಸು ಬರುತ್ತದೆ. ಅಡಿಕೆಗೆ ಅದು ಅತಿಯಾಯಿತು. ಒಣಗಲು ದಿನಗಟ್ಟಲೆ ಹಿಡಿಯುವ ವಸ್ತುವಿಗೆ 60 ತಲುಪುವ ಅವಸರವೇನಿಲ್ಲ.

ನಮ್ಮ ಕಡೆಯ ಲೈನಿನಲ್ಲಿ ಟ್ಯೂನಿಂಗ್ ಕೆಡಿಸುವುದು ವೋಲ್ಟೇಜ್. ಕಾಯಿಲ್‌ನ ಪವರ್ ವೋಲ್ಟೇಜಿನ ವರ್ಗಕ್ಕೆ ಹೊಂದಿರುತ್ತದೆ. 190 ವೋಲ್ಟಿನಲ್ಲಿ ನಿಮ್ಮ 12 ಕಿಲೋವ್ಯಾಟ್ 8ರ ಚಿಲ್ಲರೆ ಆಗಿರುತ್ತದೆ. ತೋಟದ ಪಂಪ್‌ಗಳೆಲ್ಲ ಓಡುವ ಹೊತ್ತಿಗೆ ಟ್ಯೂನ್ ಮಾಡಿ ಚೆಂದ ಕೂರಿಸಿರುತ್ತೀರಿ. ನಡುರಾತ್ರಿ 240 ಬಂದರೆ ಡ್ರೈಯರ್‌ನ ಗೇನ್ 1.6 ಪಟ್ಟು, ಓಲಾಟ ಮತ್ತೆ ತಲೆಯೆತ್ತಬಹುದು. ಅದಕ್ಕೇ ವೋಲ್ಟೇಜ್ ಪೂರ್ತಿ ಇರುವ ಹೊತ್ತಿನಲ್ಲೇ ಅಳೆಯಿರಿ. ಕಡಿಮೆಯಾದಾಗ ನಿಧಾನವಾಗುತ್ತದೆ ಅಷ್ಟೇ, ಓಲಾಡುವುದಿಲ್ಲ.

ಇನ್ನೊಂದು, ಫೇಸ್ ಹೋಗುವುದು. ಕಂಟ್ರೋಲರ್ ಇರುವ ಫೇಸ್ ಉಳಿದು ಕಾಯಿಲ್‌ಗಳ ಎರಡು ಫೇಸ್ ಹೋದರೆ ಬಿಸಿ ಇಳಿಯುತ್ತದೆ, ಕಂಟ್ರೋಲರ್ ಇನ್ನೂ ಬೇಕು, ಇನ್ನೂ ಬೇಕು ಎನ್ನುತ್ತ ಇಂಟಿಗ್ರಲ್‌ನಲ್ಲಿ ಸಾಲ ಕೂಡಿಸಿಟ್ಟುಕೊಳ್ಳುತ್ತದೆ. ಫೇಸ್ ಮರಳಿದ ಕೂಡಲೇ 60 ದಾಟಿದರೂ ಆ ಸಾಲ ತೀರುವ ತನಕ ಕಾಯಿಲ್ ಉರಿಯುತ್ತದೆ. ತಣ್ಣಗಿನ ಡ್ರೈಯರ್ ಚಾಲೂ ಮಾಡಿದಾಗಲೂ ಇದೇ. ಮೆನುವಿನಲ್ಲಿ ಆಂಟಿ-ರೀಸೆಟ್ ವೈಂಡ್ಅಪ್ (ಈ ಸಾಲ ಕೂಡದಂತೆ ತಡೆಯುವ ಏರ್ಪಾಡು) ಇದ್ದರೆ ಅದನ್ನು ಚಾಲೂ ಮಾಡಿ. ಆದರೆ ಇಂಟಿಗ್ರಲ್ ಪೂರ್ತಿ ತೆಗೆಯಬೇಡಿ: ತಾಸಿಗೆ 10 ಕಿಲೋ ನೀರು ಆರಿಸಲಿಕ್ಕೇ ಸುಮಾರು 6.7 ಕಿಲೋವ್ಯಾಟ್ ಹೋಗುತ್ತದೆ, ಅಡಿಕೆ ಒಣಗುತ್ತ ಬಂದಂತೆ ಆ ಖರ್ಚು ಇಳಿಯುತ್ತದೆ. ಈ ಬದಲಾವಣೆ ಹಿಡಿದುಕೊಳ್ಳುವುದು ಇಂಟಿಗ್ರಲ್ ಒಂದೇ.

ಕಾಯಿಲ್‌ಗಳನ್ನು ಕಾಂಟ್ಯಾಕ್ಟರ್ (ಕರೆಂಟ್ ಕೂಡಿಸಿ ಬಿಡಿಸುವ ದೊಡ್ಡ ಸ್ವಿಚ್) ನಡೆಸುತ್ತಿದ್ದರೆ ಸೈಕಲ್ ಟೈಮ್, ಅಂದರೆ ಒಂದು ಆನ್-ಆಫ್ ಸುತ್ತಿನ ಹೊತ್ತು, 30 ಸೆಕೆಂಡ್ ಇಡಿ. 2 ಸೆಕೆಂಡ್ ಇಟ್ಟರೆ ದಿನಕ್ಕೆ 43,200 ಸಲ ಟಕಟಕ. ಹತ್ತು ಲಕ್ಷ ಸಲದ ಬಾಳಿಕೆಯ ಕಾಂಟ್ಯಾಕ್ಟರ್ ಕೂಡ ತಿಂಗಳು ತುಂಬುವುದಿಲ್ಲ. 2 ಸೆಕೆಂಡ್ ಬೇಕಾದರೆ ಎಸ್‌ಎಸ್‌ಆರ್ (ಸಾಲಿಡ್ ಸ್ಟೇಟ್ ರಿಲೇ, ಅಲ್ಲಾಡುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಹಾಕಿ: ಫೇಸಿಗೆ 17-18 ಆಂಪಿಯರ್ ಹರಿಯುವುದರಿಂದ 40 ಆಂಪಿಯರಿನದು, ಹೀಟ್‌ಸಿಂಕ್ ಸಮೇತ.

ಎಸ್‌ಎಸ್‌ಆರ್ ಕೆಟ್ಟಾಗ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಅಂದರೆ ಕಾಯಿಲ್ ಆನ್ ಆಗಿಯೇ ಉಳಿಯುತ್ತದೆ, ಯಾವ ಟ್ಯೂನಿಂಗೂ ತಡೆಯಲಾರದು. ಬ್ಲೋವರ್ ನಿಂತರಂತೂ ಡಕ್ಟಿನ ಸೆನ್ಸರ್ ತಣ್ಣಗಾಗಿ ಕಂಟ್ರೋಲರ್ ಪೂರ್ತಿ ಬಿಸಿ ಕೊಡತೊಡಗುತ್ತದೆ. ಗಾಳಿ ಹರಿಯದಿದ್ದರೆ ಕಾಯಿಲ್‌ಗೆ ಕರೆಂಟ್ ಹೋಗದಂತೆ ಒಂದು ಏರ್‌ಫ್ಲೋ ಸ್ವಿಚ್ ಬೇಕು. ಕಾಯಿಲ್ ಗೂಡಿನಲ್ಲಿ, ಪಿಐಡಿಗೆ ಸಂಬಂಧವೇ ಇಲ್ಲದ, ಕೈಯಿಂದಲೇ ರೀಸೆಟ್ ಮಾಡಬೇಕಾದ ಥರ್ಮೋಸ್ಟ್ಯಾಟ್ ಒಂದಿರಲಿ. ಅದು ಪ್ರತ್ಯೇಕ ಕಾಂಟ್ಯಾಕ್ಟರ್ ಮೂಲಕ ಮೂರೂ ಫೇಸ್ ಕಡಿಯಬೇಕು. ಕೊನೆಕೊಯ್ಲಿಗೆ ಮೊದಲು, ಡ್ರೈಯರ್ 60ರಲ್ಲಿ ಓಡುತ್ತಿರುವಾಗ ಆ ಥರ್ಮೋಸ್ಟ್ಯಾಟಿನ ಗುಂಡಿಯನ್ನು 50ಕ್ಕೆ ತಿರುಗಿಸಿ ನೋಡಿ. ಕಾಂಟ್ಯಾಕ್ಟರ್ ಟಕ್ಕೆಂದು ಬಿಡಬೇಕು. ಬಿಡದಿದ್ದರೆ ಅವತ್ತು ಅಡಿಕೆ ತುಂಬಬೇಡಿ.