ಲಿವರಿನಲ್ಲಿ ಗಡ್ಡೆ ಇದೆ ಅಂತ ಸ್ಕ್ಯಾನಿಂಗಿನಲ್ಲಿ ಬಂತು, ಹೊಟ್ಟೆನೋವು ಅದರದ್ದೇ?

ಪ್ರಶ್ನೆ: ನನಗೆ 41 ವರ್ಷ, ಊರು ಬದಿಯಡ್ಕದ ಹತ್ತಿರ. ಊಟವಾದ ಮೇಲೆ ಹೊಟ್ಟೆನೋವು ಬರುತ್ತದೆಂದು ಸ್ಕ್ಯಾನಿಂಗ್ ಮಾಡಿಸಿದೆ. ಲಿವರಿನಲ್ಲಿ 3 ಸೆಂ.ಮೀ. ‘ಹೆಮಾಂಜಿಯೋಮಾ’ ಇದೆ, ಕ್ಯಾನ್ಸರ್ ಅಲ್ಲ ಎಂದರು. ನೋವು ಇದರಿಂದಲೇ? ತೋಟದ ಕೆಲಸ ಮಾಡಿದರೆ ಒಡೆದೀತೇ?

ಉತ್ತರ: ಹೆಮಾಂಜಿಯೋಮಾ ಅಂದರೆ ರಕ್ತನಾಳಗಳ ಗಂಟು. ಲಿವರಿನ ಸೌಮ್ಯ (ಕ್ಯಾನ್ಸರ್ ಅಲ್ಲದ) ಗಡ್ಡೆಗಳಲ್ಲಿ ಇದೇ ಹೆಚ್ಚು. 3 ಸೆಂ.ಮೀ. ಗಂಟು ನೋವು ಕೊಡುವುದು ತೀರಾ ಅಪರೂಪ. ಲಿವರಿನ ಒಳಭಾಗಕ್ಕೆ ನೋವು ಅಷ್ಟಾಗಿ ತಿಳಿಯುವುದಿಲ್ಲ, ತಿಳಿಯುವುದು ಮೇಲಿನ ತೆಳು ಪೊರೆಗೆ. ಗಂಟು ಆ ಪೊರೆಯನ್ನು ಎಳೆಯುವಷ್ಟು ಬೆಳೆದರೆ, ಇಲ್ಲವೇ ಒಳಗೆ ರಕ್ತ ಹೆಪ್ಪುಗಟ್ಟಿದರೆ ಬಲ ಪಕ್ಕೆಲುಬಿನ ಕೆಳಗೆ ನೋವು ಬರುತ್ತದೆ. ಸಾಮಾನ್ಯವಾಗಿ ಅದು 5 ಸೆಂ.ಮೀ. ದಾಟಿದ ಮೇಲಿನ ಮಾತು. ಇನ್ನೂ ದೊಡ್ಡದಾಗಿ ಜಠರವನ್ನು ಒತ್ತಿದರೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುತ್ತದೆ, ವಾಕರಿಕೆ ಬರುತ್ತದೆ.

ನಿಮ್ಮ ನೋವು ಊಟದ ಹಿಂದೆಯೇ ಬರುತ್ತಿದೆ. ಪಿತ್ತಕೋಶದ ಕಲ್ಲು, ಜಠರದ ಹುಣ್ಣು ಇವೆಯೇ ಎಂದು ಮೊದಲು ನೋಡಿಸಿ. ಗಡ್ಡೆ ಸಿಕ್ಕಿತಲ್ಲ ಎಂದು ಹುಡುಕುವುದನ್ನು ಅಲ್ಲಿಗೇ ಬಿಟ್ಟರೆ ನಿಜವಾದ ಕಾರಣ ಹಾಗೆಯೇ ಉಳಿಯುತ್ತದೆ. ತೋಟದ ಕೆಲಸ ಬಿಡಬೇಕಾಗಿಲ್ಲ. ಇಷ್ಟು ಸಣ್ಣ ಗಂಟು ತಾನಾಗಿ ಒಡೆಯುವುದು ಇಲ್ಲವೆಂಬಷ್ಟು ಕಡಿಮೆ.

ವರದಿಯನ್ನು ಇನ್ನೊಮ್ಮೆ ನೋಡಿ. ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಅದು ಬರೇ ಅಂದಾಜು. ಆಗ ಡಾಕ್ಟರರು ಕಾಂಟ್ರಾಸ್ಟ್ (ಸ್ಕ್ಯಾನಿನಲ್ಲಿ ಎದ್ದು ಕಾಣುವಂತೆ ರಕ್ತನಾಳಕ್ಕೆ ಕೊಡುವ ಮದ್ದು) ಕೊಟ್ಟು ಸಿಟಿ ಅಥವಾ ಎಂಆರ್‌ಐ ಬರೆದುಕೊಟ್ಟಾರು. ಹೆಮಾಂಜಿಯೋಮಾ ಆದರೆ ಆ ಮದ್ದು ಮೊದಲು ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಹಿಡಿದು, ಆಮೇಲೆ ಮೆಲ್ಲಗೆ ನಡುವಿಗೆ ತುಂಬುತ್ತದೆ. ಇದು ಸ್ಪಷ್ಟವಾಗಿ ಕಂಡರೆ ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾಡಿಸುವ ಅಗತ್ಯವಿಲ್ಲ. ಚುಚ್ಚಿದರೆ ರಕ್ತ ಸೋರುವ ಭಯವೂ ಇದೆ.

‘ಫೋಕಲ್ ನಾಡ್ಯುಲರ್ ಹೈಪರ್‌ಪ್ಲೇಸಿಯಾ’ (ಲಿವರಿನ ಇನ್ನೊಂದು ಸೌಮ್ಯ ಗಡ್ಡೆ) ಎಂದು ಬಂದರೂ ಹೆದರಬೇಡಿ, ಅದು ಕ್ಯಾನ್ಸರಿಗೆ ತಿರುಗುವುದಿಲ್ಲ. ಮೂರನೆಯ ಬಗೆಯ ಸೌಮ್ಯ ಗಡ್ಡೆ ‘ಅಡಿನೋಮಾ’ ಎಂದು ಬಂದರೆ ಮಾತ್ರ ತಡಮಾಡಬಾರದು. ಗರ್ಭನಿರೋಧಕ ಮಾತ್ರೆ, ಜಿಮ್ಮಿನ ಸ್ಟೀರಾಯ್ಡ್, ಅತಿಯಾದ ತೂಕ ಇವಕ್ಕೂ ಅದಕ್ಕೂ ನಂಟಿದೆ. 5 ಸೆಂ.ಮೀ. ದಾಟಿದರೆ ಒಳಗೇ ರಕ್ತ ಸೋರುವ ಸಾಧ್ಯತೆ ಹೆಚ್ಚು. ಕೆಲವು ಬಗೆಯವು ಕ್ಯಾನ್ಸರ್ ಆಗುವುದೂ ಉಂಟು. ಹೆಂಗಸರಿಗೆ ಮಾತ್ರೆ ನಿಲ್ಲಿಸಿ, ತೂಕ ಇಳಿಸಿ, 6 ತಿಂಗಳಿಗೆ ಮತ್ತೆ ಎಂಆರ್‌ಐ ಮಾಡುತ್ತಾರೆ. ಆಗಲೂ 5 ಸೆಂ.ಮೀ. ಮೇಲಿದ್ದರೆ ಆಪರೇಷನ್. ಗಂಡಸರಲ್ಲಿ ಗಾತ್ರ ಎಷ್ಟೇ ಇರಲಿ, ತೆಗೆಸುವುದೇ ಕ್ರಮ. ಬಸುರಿಯಾಗುವ ಯೋಚನೆ ಇದ್ದವರು ಮೊದಲೇ ಡಾಕ್ಟರರಿಗೆ ಹೇಳಬೇಕು.

ಯಾವ ಗಡ್ಡೆಯೇ ಇರಲಿ, ಬಲಹೊಟ್ಟೆಯಲ್ಲಿ ಒಮ್ಮೆಲೇ ಕಡು ನೋವು ಬಂದು ಬಲ ಭುಜಕ್ಕೆ ಹರಿದರೆ, ಮೈ ಬೆವರಿ ತಲೆ ತಿರುಗಿದರೆ, ನೋವಿನ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯಬೇಡಿ. ಸಿಟಿ ಸ್ಕ್ಯಾನ್, ರಕ್ತ, ಸರ್ಜನ್ ಮೂರೂ ಸಿಗುವ ಆಸ್ಪತ್ರೆಗೇ ಹೋಗಿ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ದಾರಿ, ಹೊರಡುವಾಗಲೇ ಫೋನ್ ಮಾಡಿ ಮೂರೂ ಇವೆಯೇ ಎಂದು ಕೇಳಿಕೊಳ್ಳಿ. ಹಳೆಯ ಸ್ಕ್ಯಾನಿಂಗ್ ಫಿಲ್ಮು, ವರದಿ ಕೈಯಲ್ಲಿರಲಿ.